ಬೆಂಕಿಪುರಕ್ಕೆ ಬೇಕಾಗಿದ್ದ ಬೆಂಕಿ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಆ ಹೆಸರಿನ ಮೂಲ ಏನೇ ಇರಲಿ, 1923ರ ಜನವರಿ 18ರಂದು ಅಲ್ಲಿನ ಊದುಕುಲುಮೆ ಹೊತ್ತಿಕೊಂಡಾಗ ಊರಿನ ಹೆಸರು ಸಾರ್ಥಕವಾಯಿತು. ಮೈಸೂರು ಸಂಸ್ಥಾನ ತನ್ನದೇ ಹಣ ಹಾಕಿ, ತನ್ನದೇ ಬೆಟ್ಟದ ಅದಿರು ತೆಗೆದು, ತನ್ನದೇ ಕಾಡಿನ ಇದ್ದಿಲು ಉರಿಸಿ ಕಬ್ಬಿಣ ಮಾಡತೊಡಗಿತು. ಅಂದಿನಿಂದ ನೂರು ವರ್ಷ ತುಂಬುವ ಹೊತ್ತಿಗೆ, 2023ರ ಜನವರಿಯಲ್ಲಿ, ಅದೇ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಶತಮಾನೋತ್ಸವದ ತೋರಣ ಕಟ್ಟಬೇಕಾಗಿದ್ದ ಹೆಬ್ಬಾಗಿಲ ಮುಂದೆ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು.

ಇದೇ ರಾಜ್ಯದಲ್ಲಿ, ಭದ್ರಾವತಿಯಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ತೋರಣಗಲ್ಲಿನಲ್ಲಿ ಇನ್ನೊಂದು ಉಕ್ಕಿನ ಕಾರ್ಖಾನೆ ಇದೆ. ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಮಿಕ್ಕಿ ಉಕ್ಕು ತಯಾರಿಸಬಲ್ಲ ಅದು ದೇಶದಲ್ಲೇ ಒಂದೇ ಸ್ಥಳದಲ್ಲಿರುವ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳ ಸಾಲಿಗೆ ಸೇರಿದೆ. ಭದ್ರಾವತಿಯ ಸಾಮರ್ಥ್ಯವಾದರೋ ಒಂದು ಲಕ್ಷ ಟನ್ನಿಗೆ ತುಸು ಮೇಲೆ, ಅಷ್ಟೆ. ಒಂದೇ ನಾಡು, ಒಂದೇ ಬಗೆಯ ಕೆಂಪು ಅದಿರು. ಒಂದು ಬೆಳೆದದ್ದು, ಇನ್ನೊಂದು ಬಾಡಿದ್ದು ಏಕೆ? ಸರ್ಕಾರಿ ಆಲಸ್ಯ ಎಂದು ಕೆಲವರು, ರಾಜಕೀಯ ಅನಾಸ್ಥೆ ಎಂದು ಹಲವರು ಹೇಳುವುದುಂಟು. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಕಥೆಯ ತಿರುಳು ಬೇರೆ ಕಡೆ ಇದೆ. ಉಕ್ಕಿನ ಉದ್ಯಮದ ಹಣೆಬರಹವನ್ನು ಅದಿರಿಗಿಂತ ಹೆಚ್ಚಾಗಿ ಬರೆಯುವುದು ಅದನ್ನು ಕರಗಿಸುವ ಇಂಧನ. ಕರ್ನಾಟಕದ ಬೆಟ್ಟಗಳಲ್ಲಿ ಕಬ್ಬಿಣ ಧಾರಾಳ. ಆದರೆ ನೆಲದಡಿಯಲ್ಲಿ ಕಲ್ಲಿದ್ದಲಿಲ್ಲ. ನಮ್ಮ ಉಕ್ಕಿನ ಚರಿತ್ರೆಯೆಂದರೆ ಈ ಒಂದು ಕೊರತೆಗೆ ಒಂದರ ಹಿಂದೊಂದರಂತೆ ಹುಡುಕಿದ ಉತ್ತರಗಳ ಚರಿತ್ರೆ.

ಅದಿರಿನ ನಂಟು ಬಿಡಿಸುವ ಕೆಲಸ

ಅದಿರು ಎಂದರೆ ಬರಿಯ ಕಬ್ಬಿಣವಲ್ಲ. ಅದರಲ್ಲಿ ಕಬ್ಬಿಣ ಆಮ್ಲಜನಕದೊಡನೆ ಬಿಗಿಯಾಗಿ ಬೆಸೆದುಕೊಂಡಿರುತ್ತದೆ. ಈ ನಂಟು ಬಿಡಿಸಲು ಬರಿಯ ಶಾಖ ಸಾಲದು; ಆಮ್ಲಜನಕವನ್ನು ತನ್ನತ್ತ ಸೆಳೆದುಕೊಳ್ಳುವ ಮತ್ತೊಂದು ವಸ್ತು ಬೇಕು. ಆ ವಸ್ತುವೇ ಇಂಗಾಲ. ಇದ್ದಿಲಾಗಲಿ ಕೋಕ್ ಆಗಲಿ ಕುಲುಮೆಯಲ್ಲಿ ಎರಡು ಕೆಲಸ ಮಾಡುತ್ತದೆ: ಉರಿದು ಶಾಖ ಕೊಡುತ್ತದೆ, ಆಮ್ಲಜನಕವನ್ನು ಕಸಿದುಕೊಂಡು ಹೊಗೆಯಾಗಿ ಹೊರಹೋಗುತ್ತದೆ. ಜೊತೆಗೆ ಹಾಕಿದ ಸುಣ್ಣಕಲ್ಲು ಅದಿರಿನ ಮಣ್ಣು ಮಸಿಯನ್ನು ಕಿಟ್ಟವಾಗಿ ಕಟ್ಟಿ ಮೇಲಕ್ಕೆ ತೇಲಿಸುತ್ತದೆ. ಕೆಳಗೆ ಇಳಿಯುವುದು ಬೀಡು ಕಬ್ಬಿಣ. ಅದರಲ್ಲಿ ಹೆಚ್ಚಾಗಿ ಉಳಿದ ಇಂಗಾಲವನ್ನು ಸುಟ್ಟು ತೆಗೆದಾಗ ಉಕ್ಕು.

ಇದ್ದಿಲು ಮತ್ತು ಕೋಕ್ ಒಂದೇ ಕೆಲಸ ಮಾಡಿದರೂ ಒಂದು ಮುಖ್ಯ ವ್ಯತ್ಯಾಸವಿದೆ. ಇದ್ದಿಲು ಹಗುರ, ಪುಡಿಯಾಗುವ ಗುಣದ್ದು. ಎತ್ತರದ ಕುಲುಮೆಯಲ್ಲಿ ಮೇಲಿನ ಅದಿರಿನ ಭಾರ ಬಿದ್ದರೆ ನುಚ್ಚಾಗಿ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಆದ್ದರಿಂದ ಇದ್ದಿಲಿನ ಕುಲುಮೆ ಒಂದು ಮಿತಿಗಿಂತ ಎತ್ತರಕ್ಕೆ ಬೆಳೆಯಲಾರದು. ಒಂದು ಬಗೆಯ ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಪಡೆಯುವ ಕೋಕ್ ಗಟ್ಟಿ. ಬೆಟ್ಟದಂಥ ಭಾರವನ್ನೂ ಹೊರುತ್ತದೆ. ಕುಲುಮೆ ದೊಡ್ಡದಾದಷ್ಟೂ ಟನ್ನಿಗೆ ತಗಲುವ ವೆಚ್ಚ ಇಳಿಯುತ್ತದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೋಕ್ ಬಳಕೆಗೆ ಬಂದದ್ದೇ ಕಬ್ಬಿಣ ಅಗ್ಗವಾಗಲು ಕಾರಣ. ನಮ್ಮ ಹಳ್ಳಿಯ ಕುಲುಮೆಗಳು ಆರಿದ್ದಕ್ಕೂ ಅದು ಒಂದು ಕಾರಣ.

ಉಕ್ಕು ಎಂಬ ನಮ್ಮ ಮಾತು

ಆರುವ ಮೊದಲು ಆ ಕುಲುಮೆಗಳು ಸಾಮಾನ್ಯವಾದುವೇನೂ ಆಗಿರಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಕಡೆ ಕಬ್ಬಿಣ ಕರಗಿಸುವವರನ್ನೂ ಉಕ್ಕು ಮಾಡುವವರನ್ನೂ ಕಂಡು ವಿವರವಾಗಿ ಬರೆದಿಟ್ಟ. ತೊಗಲಿನ ತಿದಿ, ಮಣ್ಣಿನ ಕುಲುಮೆ, ಹೊಳೆಯಿಂದ ಸೋಸಿ ತಂದ ಕರಿ ಮರಳು ಇಷ್ಟೇ ಅವರ ಬಂಡವಾಳ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನೂ ತಂಗಡಿ ಗಿಡದ ಒಣ ಕಟ್ಟಿಗೆಯನ್ನೂ ಇಟ್ಟು, ಬಾಯಿ ಮೆತ್ತಿ, ಗಂಟೆಗಟ್ಟಲೆ ಕಾಯಿಸಿದರೆ ಉಕ್ಕಿನ ಗಟ್ಟಿ ಸಿದ್ಧ. ಯೂರೋಪಿನ ವಿದ್ವಾಂಸರು ಬೆರಗಿನಿಂದ ಪರೀಕ್ಷಿಸಿದ ‘ವೂಟ್ಸ್’ ಇದೇ. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತೇ ಓದುವವರ ಕೈಯಲ್ಲಿ ತಿರುಚಿದ ರೂಪ ಎಂಬುದು ಬಹುಮಂದಿ ಒಪ್ಪುವ ಅಭಿಪ್ರಾಯ. ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದರ ಬಗ್ಗೆ ಪ್ರಬಂಧ ಮಂಡಿಸಿದ್ದ.

ಈ ಉಕ್ಕು ಗುಣದಲ್ಲಿ ಮೇಲು, ಪ್ರಮಾಣದಲ್ಲಿ ಅತ್ಯಲ್ಪ. ರೈಲಿನ ಹಳಿ, ಸೇತುವೆಯ ತೊಲೆ ಬೇಕಾದ ಕಾಲಕ್ಕೆ ಬೊಗಸೆಯಷ್ಟು ಉಕ್ಕು ಯಾವ ಮೂಲೆಗೂ ಸಾಲದು. ವಿಲಾಯಿತಿಯ ಅಗ್ಗದ ಕಬ್ಬಿಣ ಸಂತೆಗೆ ಬಂತು. ಇದ್ದಿಲಿಗೆ ಮರ ಕಡಿಯಲು ಅರಣ್ಯದ ಕಾನೂನು ಅಡ್ಡ ಬಂತು. ಕಮ್ಮಾರರು ಉಳಿದರು, ಕಬ್ಬಿಣ ಕರಗಿಸುವವರು ಉಳಿಯಲಿಲ್ಲ.

ಕಾಡು ಉರಿಸಿ ಕಬ್ಬಿಣ

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಜಮ್‌ಶೇಟ್‌ಜಿ ತಾತಾ ಅವರ ಕನಸಿನ ಕಾರ್ಖಾನೆಗೆ ಸ್ಥಳ ಹುಡುಕಲು ಬಂದ ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಪೇಜ್ ಪೆರಿನ್ ನೋಡಿದ್ದು ಒಂದೇ ಸಂಗತಿ: ಅದಿರು, ನೀರು, ಕಲ್ಲಿದ್ದಲು ಮೂರೂ ಎಲ್ಲಿ ಕೂಡುತ್ತವೆ? ಮಯೂರ್‌ಭಂಜ್‌ನ ಅದಿರು, ಸುವರ್ಣರೇಖಾ ನದಿಯ ನೀರು, ಝರಿಯಾದ ಕಲ್ಲಿದ್ದಲು ಕೂಡಿದ್ದು ಸಾಕ್ಚಿ ಎಂಬ ಹಳ್ಳಿಯ ಬಳಿ. ಅದೇ ಇಂದಿನ ಜಮ್‌ಶೆಡ್‌ಪುರ. 1912ರಲ್ಲಿ ಅಲ್ಲಿ ಉಕ್ಕು ಹರಿಯಿತು.

ಮೈಸೂರಿನ ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರೂ ಅದೇ ಪೆರಿನ್ ಅವರ ಸಲಹೆ ಪಡೆದರು. ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿತ್ತು, ಭದ್ರೆಯ ನೀರಿತ್ತು, ಸುಣ್ಣಕಲ್ಲೂ ಹತ್ತಿರದಲ್ಲೇ ಇತ್ತು. ಇಲ್ಲದಿದ್ದುದು ಕಲ್ಲಿದ್ದಲು. ಅದರ ಬದಲಿಗೆ ಇದ್ದುದು ಮಲೆನಾಡಿನ ಕಾಡು. ಹೀಗೆ ಹುಟ್ಟಿದ್ದು ಇದ್ದಿಲಿನಿಂದ ನಡೆಯುವ ಕಾರ್ಖಾನೆಯ ಯೋಜನೆ. ಬರಿದೆ ಸುಟ್ಟರೆ ಹೊಗೆಯಾಗಿ ಹೋಗುವ ಅಂಶಗಳನ್ನೂ ಹಿಡಿದಿಡಲು ಕಟ್ಟಿಗೆಯನ್ನು ಭಟ್ಟಿ ಇಳಿಸುವ ಘಟಕವನ್ನೂ ಜೊತೆಗೆ ಕಟ್ಟಲಾಯಿತು. ಮರದಿಂದ ಇದ್ದಿಲಲ್ಲದೆ ಟಾರು, ಮರದ ಮದ್ಯಸಾರ ಮೊದಲಾದುವೂ ದೊರೆಯುತ್ತಿದ್ದವು. ಅದರ ಮಾರಾಟದ ಹಣ ಕಬ್ಬಿಣದ ಖರ್ಚನ್ನು ತಗ್ಗಿಸಬೇಕೆಂಬುದು ಲೆಕ್ಕಾಚಾರ. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಕಟ್ಟಿಗೆಯ ಭಟ್ಟಿಯ ಪ್ರಸ್ತಾಪವಿತ್ತು.

ಲೆಕ್ಕಾಚಾರ ಕಾಗದದ ಮೇಲೆ ಸರಿಯಾಗಿತ್ತು. ಆದರೆ ಅದನ್ನು ಹಾಕಿದ್ದು ಮೊದಲ ಮಹಾಯುದ್ಧದ ಕಾಲದ ಬೆಲೆಗಳ ಮೇಲೆ. ಕುಲುಮೆ ಹೊತ್ತುವ ವೇಳೆಗೆ ಯುದ್ಧ ಮುಗಿದು ಜಗತ್ತಿನಲ್ಲೆಲ್ಲ ಕಬ್ಬಿಣದ ಬೆಲೆ ಕುಸಿದಿತ್ತು. ಕಾರ್ಖಾನೆ ನಷ್ಟದ ಹಾದಿ ಹಿಡಿಯಿತು. ಸಂಸ್ಥಾನದ ಹಣ ಬೆಂಕಿಗೆ ಬಿತ್ತೆಂದು ಟೀಕಿಸಿದವರು ಕಡಿಮೆಯಿರಲಿಲ್ಲ. ದಿವಾನಗಿರಿ ಬಿಟ್ಟು ಐದು ವರ್ಷವಾಗಿದ್ದ ವಿಶ್ವೇಶ್ವರಯ್ಯನವರನ್ನೇ 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕರೆತರಲಾಯಿತು. 1929ರವರೆಗೆ ಅವರು ಅಲ್ಲಿದ್ದು ವೆಚ್ಚ ಕಡಿತ ಮಾಡಿದರು, ವಿದೇಶಿ ತಜ್ಞರ ಜಾಗದಲ್ಲಿ ಮೈಸೂರಿನ ಎಂಜಿನಿಯರುಗಳನ್ನು ತಂದರು. ಇದ್ದಿಲಿನಲ್ಲಿ ಗಂಧಕ ಕಡಿಮೆಯಾದ್ದರಿಂದ ಭದ್ರಾವತಿಯ ಬೀಡು ಕಬ್ಬಿಣಕ್ಕೆ ಒಳ್ಳೆಯ ಹೆಸರಿತ್ತು. ಅಮೆರಿಕಕ್ಕೂ ಅದು ಹಡಗೇರಿತು. ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ, 1936ರ ಹೊತ್ತಿಗೆ, ಉಕ್ಕಿನ ಘಟಕವೂ ಬಂತು. ಕಾಗದ, ಸಿಮೆಂಟುಗಳ ಕಾರ್ಖಾನೆಗಳೂ ಸುತ್ತ ಬೆಳೆದು ಒಂದು ಹಳ್ಳಿ ಕೈಗಾರಿಕಾ ನಗರವಾಯಿತು.

ಆದರೆ ಮೂಲದ ಮಿತಿ ಮಾತ್ರ ಹಾಗೆಯೇ ಉಳಿಯಿತು. ಕಾಡು ಎಷ್ಟು ಬೇಗ ಬೆಳೆಯುವುದೋ ಅಷ್ಟೇ ಕಬ್ಬಿಣ. ಅದಕ್ಕಿಂತ ಹೆಚ್ಚು ಬೇಕೆಂದರೆ ಕಾಡು ಹಿಂದೆ ಹಿಂದೆ ಸರಿಯಬೇಕು, ಕಟ್ಟಿಗೆಯ ಹಾದಿ ಉದ್ದವಾಗುತ್ತ ಹೋಗಬೇಕು.

ಜೋಗದ ನೀರು ಕುಲುಮೆಗೆ

ಎರಡನೆಯ ಉತ್ತರ ಶರಾವತಿಯಿಂದ ಬಂತು. ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದ ಮೇಲೆ, 1950ರ ದಶಕದಲ್ಲಿ, ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳನ್ನು ಸ್ಥಾಪಿಸಲಾಯಿತು. ಶಾಖವನ್ನು ವಿದ್ಯುತ್ತೇ ಕೊಡುವುದರಿಂದ ಇಂಗಾಲ ಬೇಕಾಗುವುದು ಆಮ್ಲಜನಕವನ್ನು ಬಿಡಿಸುವುದಕ್ಕೆ ಮಾತ್ರ. ಹೀಗಾಗಿ ಇದ್ದಿಲಿನ ಖರ್ಚು ಗಣನೀಯವಾಗಿ ಇಳಿಯಿತು. ಜಲವಿದ್ಯುತ್ ಅಗ್ಗವಾಗಿ, ಹೇರಳವಾಗಿ ಸಿಗುತ್ತಿರುವವರೆಗೆ ಇದು ಜಾಣತನದ ಮಾರ್ಗ. ನಾರ್ವೆಯಂಥ ದೇಶ ಇದನ್ನೇ ಹಿಡಿದಿತ್ತು. ಆದರೆ ರಾಜ್ಯದಲ್ಲಿ ಪಂಪ್‌ಸೆಟ್ಟುಗಳು, ನಗರಗಳು, ಇತರ ಕಾರ್ಖಾನೆಗಳು ಬೆಳೆದಂತೆ ವಿದ್ಯುತ್ತಿಗೂ ಅಭಾವ ಬಂತು. ಮಳೆ ಕೈಕೊಟ್ಟ ವರ್ಷ ಕುಲುಮೆಯೂ ಕೈಕಟ್ಟಬೇಕಾಯಿತು. ಒಂದು ಬರದಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದು ಬರಕ್ಕೆ ಸಿಕ್ಕಿದಂತಾಯಿತು.

ದೂರವನ್ನು ಅಳಿಸಿದ ನೀತಿ

ಇದೇ ವೇಳೆಗೆ ದೇಶದ ಉಕ್ಕಿನ ಮಾರುಕಟ್ಟೆಯ ಸ್ವರೂಪವೇ ಬದಲಾಗಿತ್ತು. ಎರಡನೆಯ ಪಂಚವಾರ್ಷಿಕ ಯೋಜನೆಯಲ್ಲಿ ಸೋವಿಯತ್ ನೆರವಿನ ಭಿಲಾಯಿ, ಜರ್ಮನಿಯ ನೆರವಿನ ರೂರ್ಕೆಲಾ, ಬ್ರಿಟನ್ನಿನ ನೆರವಿನ ದುರ್ಗಾಪುರ ಕಾರ್ಖಾನೆಗಳು ಎದ್ದವು. ತಲಾ ಹತ್ತು ಲಕ್ಷ ಟನ್ನಿನ ಲೆಕ್ಕದಲ್ಲಿ ಆರಂಭವಾದ ಇವೆಲ್ಲವೂ ಕಲ್ಲಿದ್ದಲಿಗೂ ಅದಿರಿಗೂ ಸಮೀಪದ ಮಧ್ಯ ಮತ್ತು ಪೂರ್ವ ಭಾರತದಲ್ಲಿ ನೆಲೆಗೊಂಡವು. ಉಕ್ಕು ಯಾರು ಮಾಡಬೇಕು, ಎಷ್ಟು ಮಾಡಬೇಕು, ಯಾವ ಬೆಲೆಗೆ ಯಾರಿಗೆ ಮಾರಬೇಕು ಎಂಬುದನ್ನೆಲ್ಲ ಸರ್ಕಾರವೇ ಗೊತ್ತುಮಾಡುತ್ತಿತ್ತು.

ಇದರ ಜೊತೆಗೆ 1956ರಲ್ಲಿ ಬಂದದ್ದು ಸಾಗಣೆ ದರದ ಸಮೀಕರಣ. ದೇಶದ ಎಲ್ಲ ಕಡೆಗೆ ಉಕ್ಕು ಸಾಗಿಸಲು ತಗಲುವ ಒಟ್ಟು ಬಾಡಿಗೆಯನ್ನು ಸರಾಸರಿ ಮಾಡಿ ಎಲ್ಲರ ಮೇಲೂ ಸಮನಾಗಿ ಹೊರಿಸುವ ಪದ್ಧತಿ ಇದು. ಪರಿಣಾಮವಾಗಿ ಜಮ್‌ಶೆಡ್‌ಪುರದ ಮಗ್ಗುಲಲ್ಲಿರುವ ಕಾರ್ಖಾನೆಗೂ ಬೆಂಗಳೂರಿನ ಕಾರ್ಖಾನೆಗೂ ಉಕ್ಕಿನ ಬೆಲೆ ಒಂದೇ. ಬೆಂಗಳೂರು, ಕೊಯಮತ್ತೂರು, ಪುಣೆಗಳ ಯಂತ್ರ ಕೈಗಾರಿಕೆಗಳು ಬೆಳೆಯಲು ಇದರ ನೆರವು ಸಣ್ಣದಲ್ಲ. ಅದಿರು, ಕಲ್ಲಿದ್ದಲು ಕಳೆದುಕೊಂಡ ಬಿಹಾರ, ಒರಿಸ್ಸಾ, ಬಂಗಾಳಗಳಿಗೆ ಮಾತ್ರ ಇದು ಆರದ ಗಾಯ. ತಮ್ಮ ನೆಲದ ಸಹಜ ಅನುಕೂಲವನ್ನು ಒಂದು ಆದೇಶ ಅಳಿಸಿಹಾಕಿತೆಂಬ ಅವರ ಕೊರಗು ಇಂದಿಗೂ ಇದೆ.

ಆದರೆ ಈ ನೀತಿಯ ಇನ್ನೊಂದು ಮುಖ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ದೂರವೆಂಬುದು ಸಣ್ಣ ಕಾರ್ಖಾನೆಗೆ ಕೋಟೆಯಿದ್ದಂತೆ. ಭಿಲಾಯಿಯಿಂದ ಬೆಂಗಳೂರಿಗೆ ಉಕ್ಕು ತರುವ ಬಾಡಿಗೆಯೇ ಭದ್ರಾವತಿಗೆ ಒಂದು ರಕ್ಷಣೆಯಾಗಬಹುದಿತ್ತು. ಬಾಡಿಗೆ ಸಮನಾದಾಗ ಆ ಕೋಟೆ ಕುಸಿಯಿತು. ದಕ್ಷಿಣದ ಬಳಕೆದಾರರಿಗೆ ವರವಾದ ನೀತಿ ದಕ್ಷಿಣದ ಪುಟ್ಟ ಉತ್ಪಾದಕನಿಗೆ ವರವಾಗಲಿಲ್ಲ. ಭದ್ರಾವತಿ 1960ರ ದಶಕದಲ್ಲಿ ಮಿಶ್ರಲೋಹದ, ವಿಶೇಷ ದರ್ಜೆಯ ಉಕ್ಕಿನ ಕಡೆಗೆ ಹೊರಳಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಪ್ರಮಾಣದಲ್ಲಿ ಸ್ಪರ್ಧಿಸಲಾಗದವನು ಗುಣದಲ್ಲಿ ಸ್ಪರ್ಧಿಸಬೇಕಷ್ಟೆ. 1962ರಲ್ಲಿ ಅದು ಕಂಪನಿಯಾಯಿತು, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಬಂದು 1998ರಲ್ಲಿ ಅದರಲ್ಲೇ ವಿಲೀನವಾಯಿತು. ಕಾಲಕ್ರಮದಲ್ಲಿ ಇದ್ದಿಲಿನ ಜಾಗಕ್ಕೆ ದೂರದಿಂದ ತರಿಸಿದ ಕೋಕ್ ಬಂತು. ಕೆಮ್ಮಣ್ಣುಗುಂಡಿಯ ಗಣಿಯೂ ನಿಂತ ಮೇಲೆ ಇಂಧನವೂ ತನ್ನದಲ್ಲ, ಅದಿರೂ ತನ್ನದಲ್ಲ ಎಂಬ ಸ್ಥಿತಿ ಒದಗಿತು.

ತೋರಣಗಲ್ಲಿನ ಶಿಲಾನ್ಯಾಸ

ಬಳ್ಳಾರಿ–ಹೊಸಪೇಟೆ ಸೀಮೆಯ ಅದಿರು ದೇಶದಲ್ಲೇ ಉತ್ತಮವಾದುದು. ಅಲ್ಲಿ ಉಕ್ಕಿನ ಕಾರ್ಖಾನೆ ಬೇಕೆಂಬ ಒತ್ತಾಯಕ್ಕೆ ಮಣಿದು 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಶಿಲಾನ್ಯಾಸ ಮಾಡಿದರು. ಅದೇ ಕಂತಿನಲ್ಲಿ ಘೋಷಣೆಯಾಗಿದ್ದ ವಿಶಾಖಪಟ್ಟಣ, ಸೇಲಂ ಕಾರ್ಖಾನೆಗಳು ತಡವಾಗಿಯಾದರೂ ಮೇಲೆದ್ದವು. ತೋರಣಗಲ್ಲಿನಲ್ಲಿ ಎರಡು ದಶಕ ಕಲ್ಲು ಮಾತ್ರ ಉಳಿಯಿತು. ವಿಶಾಖಪಟ್ಟಣಕ್ಕೆ ಕಡಲ ತೀರವಿತ್ತು. ಕೋಕಿಂಗ್ ಕಲ್ಲಿದ್ದಲು ಹಡಗಿನಲ್ಲಿ ನೇರ ಬಾಗಿಲಿಗೆ ಬರಬಹುದಿತ್ತು. ಬಳ್ಳಾರಿಗೆ ಕಲ್ಲಿದ್ದಲೂ ಇಲ್ಲ, ಕಡಲೂ ಇಲ್ಲ.

1991ರ ಜುಲೈಯಲ್ಲಿ ಉಕ್ಕು ಲೈಸೆನ್ಸಿನಿಂದ ಮುಕ್ತವಾಯಿತು. 1992ರ ಜನವರಿಯಲ್ಲಿ ಬೆಲೆ, ಹಂಚಿಕೆಗಳ ಮೇಲಿನ ನಿಯಂತ್ರಣವೂ ಸಾಗಣೆ ದರದ ಸಮೀಕರಣವೂ ಹೋದವು. ದೂರಕ್ಕೆ ಮತ್ತೆ ಬೆಲೆ ಬಂತು. ದಕ್ಷಿಣದ ಮಾರುಕಟ್ಟೆಗೆ ಸಮೀಪದಲ್ಲಿ ಉಕ್ಕು ಮಾಡುವುದರಲ್ಲಿ ಲಾಭ ಕಾಣಿಸಿತು. 1994ರಲ್ಲಿ ಸ್ಥಾಪನೆಯಾದ ಜಿಂದಾಲ್ ವಿಜಯನಗರ ಕಂಪನಿ ಇಂಧನದ ಪ್ರಶ್ನೆಗೆ ಮೂರನೆಯ ಉತ್ತರವೊಂದನ್ನು ತಂದಿತು. ಅದು ಆಸ್ಟ್ರಿಯದಲ್ಲಿ ರೂಪುಗೊಂಡ ಕೋರೆಕ್ಸ್ ವಿಧಾನ. ಇದರಲ್ಲಿ ಅಪರೂಪದ ಕೋಕಿಂಗ್ ಕಲ್ಲಿದ್ದಲಿನ ಬದಲು ಬಹುಪಾಲು ಸಾಧಾರಣ ಕಲ್ಲಿದ್ದಲನ್ನೇ ಬಳಸಬಹುದು. ಹೊರಬರುವ ಅನಿಲದಿಂದ ವಿದ್ಯುತ್ ತಯಾರಿಸಬಹುದು. ದಕ್ಷಿಣ ಆಫ್ರಿಕ, ದಕ್ಷಿಣ ಕೊರಿಯಗಳ ಬಳಿಕ ಈ ವಿಧಾನ ಬಂದದ್ದು ತೋರಣಗಲ್ಲಿಗೆ. 1999ರಲ್ಲಿ ಕುಲುಮೆ ಹೊತ್ತಿತು.

ಹೊತ್ತಿದ ಗಳಿಗೆ ಮಾತ್ರ ಭದ್ರಾವತಿಯದ್ದನ್ನು ನೆನಪಿಸುವಂತಿತ್ತು. 2001ರ ಹೊತ್ತಿಗೆ ಜಗತ್ತಿನ ಉಕ್ಕಿನ ಬೆಲೆ ನೆಲಕಚ್ಚಿತು. ಕಂಪನಿ ಸಾಲದ ಮರುಹೊಂದಾಣಿಕೆಗೆ ಮೊರೆಹೋಗಬೇಕಾಯಿತು. ಆದರೆ 1923ರ ಕಾರ್ಖಾನೆಗೆ ದೊರೆಯದ ಭಾಗ್ಯ ಇದಕ್ಕೆ ದೊರೆಯಿತು. 2003ರಿಂದ ಚೀನದ ಹಸಿವು ಬೆಲೆಯನ್ನು ಮೇಲೆತ್ತಿತು. ಮುಂದೆ ತೋರಣಗಲ್ಲಿನಲ್ಲೂ ದೊಡ್ಡ ಊದುಕುಲುಮೆಗಳೇ ಬಂದವು. ಇಂಧನವಾಗಿ ಹೊರದೇಶದ ಕೋಕಿಂಗ್ ಕಲ್ಲಿದ್ದಲು ಬಂತು. ದೇಶದಲ್ಲಿ ದೊರೆಯುವ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ಕೋಕಿಗೆ ಒಗ್ಗುವಂಥದು ಕಡಿಮೆ. ಆದ್ದರಿಂದ ಭಾರತದ ಉಕ್ಕಿನ ಉದ್ಯಮ ತನಗೆ ಬೇಕಾದ ಕೋಕಿಂಗ್ ಕಲ್ಲಿದ್ದಲಿನ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತದೆ, ಅದರಲ್ಲಿ ದೊಡ್ಡ ಪಾಲು ಆಸ್ಟ್ರೇಲಿಯದ್ದು. ಕ್ವೀನ್ಸ್‌ಲ್ಯಾಂಡಿನಲ್ಲಿ ಪ್ರವಾಹ ಬಂದರೆ ಬಳ್ಳಾರಿಯ ಉಕ್ಕಿನ ವೆಚ್ಚ ಏರುತ್ತದೆ. ಬೆಂಗಳೂರಿನಲ್ಲಿ ಮನೆ ಕಟ್ಟುವವನು ಕಂಬಿಗೆ ಕೊಡುವ ಬೆಲೆಯಲ್ಲಿ ಅದರ ಬಿಸಿ ಕಾಣುತ್ತದೆ.

ಅದಿರನ್ನೇ ಮಾರಿದ ಕಾಲ

ಚೀನದ ಹಸಿವಿಗೆ ಇನ್ನೊಂದು ಕರಾಳ ಮುಖವಿತ್ತು. ಉಕ್ಕು ಮಾಡುವುದು ಕಷ್ಟ, ಅದಿರು ಮಾರುವುದು ಸುಲಭ. ಇಂಧನ ಬೇಡ, ಕುಲುಮೆ ಬೇಡ, ಲಾರಿ ಇದ್ದರೆ ಸಾಕು. 2003ರ ನಂತರ ಅದಿರಿನ ಬೆಲೆ ನೆಗೆದಾಗ ಬಳ್ಳಾರಿಯ ಬೆಟ್ಟಗಳು ರಾತ್ರಿ ಹಗಲೆನ್ನದೆ ಬಂದರುಗಳ ದಾರಿ ಹಿಡಿದವು. ಸಂಡೂರಿನ ಮರಗಿಡ, ಹೊಲಗದ್ದೆ ಕೆಂಪು ಧೂಳಿನಲ್ಲಿ ಮುಳುಗಿದವು. ಅಕ್ರಮದ ಪ್ರಮಾಣವನ್ನು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ 2011ರ ವರದಿ ನಾಡಿನ ಮುಂದೆ ಬಿಚ್ಚಿಟ್ಟಿತು. ಅದೇ ವರ್ಷ ಸುಪ್ರೀಂ ಕೋರ್ಟು ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ನಿಲ್ಲಿಸಿತು. ಬಳಿಕ ಗಣಿಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ, ತೆಗೆಯುವ ಅದಿರಿಗೆ ವಾರ್ಷಿಕ ಮಿತಿ ಹಾಕಿ, ಇ-ಹರಾಜಿನಲ್ಲೇ ಮಾರಬೇಕೆಂದು ಕಟ್ಟುಮಾಡಿತು. 2022ರಲ್ಲಿ ಹರಾಜಿನ ಮತ್ತು ರಫ್ತಿನ ನಿರ್ಬಂಧ ಸಡಿಲಿತು, ಮಿತಿಯೂ ಹೆಚ್ಚಿತು.

ಅಂದು ಹಡಗೇರಿದ್ದು ಬರಿಯ ಮಣ್ಣಲ್ಲ. ಒಂದು ಟನ್ ಉಕ್ಕಿಗೆ ಸುಮಾರು ಒಂದೂವರೆ ಟನ್ನಿಗೂ ಹೆಚ್ಚು ಅದಿರು ಬೇಕು. ಅದಿರು ಒಮ್ಮೆ ಹೋದರೆ ಹೋಯಿತು. ಅದರ ಸುತ್ತ ಬೆಳೆಯಬಹುದಾಗಿದ್ದ ಕೆಲಸ, ಕಸುಬು, ಊರು ಎಲ್ಲವೂ ಅದರೊಡನೆ ಹೋಗುತ್ತವೆ. ಭದ್ರಾವತಿ ಎಷ್ಟೇ ನಷ್ಟ ಮಾಡಿದ್ದರೂ ಒಂದು ಪೀಳಿಗೆಯ ಎಂಜಿನಿಯರುಗಳನ್ನೂ ಕುಶಲ ಕೆಲಸಗಾರರನ್ನೂ ನಾಡಿಗೆ ಕೊಟ್ಟಿತು. ಬರಿದಾದ ಗಣಿಯ ಗುಂಡಿ ಕೊಟ್ಟಿದ್ದೇನು?

ಬೆಂಕಿಯ ಬಾಡಿಗೆ

2018ರಲ್ಲಿ ಭಾರತ ಜಪಾನನ್ನು ಹಿಂದೆ ಹಾಕಿ ಉಕ್ಕಿನ ಉತ್ಪಾದನೆಯಲ್ಲಿ ಜಗತ್ತಿನ ಎರಡನೆಯ ಸ್ಥಾನಕ್ಕೆ ಏರಿತು. 2023ರಲ್ಲಿ ದೇಶದ ಉತ್ಪಾದನೆ ಸುಮಾರು 14 ಕೋಟಿ ಟನ್. ಮೊದಲ ಸ್ಥಾನದ ಚೀನ ಜಗತ್ತಿನ ಅರ್ಧಕ್ಕೂ ಹೆಚ್ಚು ಉಕ್ಕನ್ನು ತಾನೊಂದೇ ಮಾಡುತ್ತದೆ. ಹಾಗಾಗಿ ಅಲ್ಲಿ ಮನೆ ಕಟ್ಟುವ ಕೆಲಸ ನಿಧಾನವಾದರೂ ಮಿಕ್ಕ ಉಕ್ಕು ಅಗ್ಗದ ಬೆಲೆಗೆ ಎಲ್ಲರ ಬಾಗಿಲಿಗೂ ಬರುತ್ತದೆ. 2025ರ ಏಪ್ರಿಲ್‌ನಲ್ಲಿ ಭಾರತ ಕೆಲವು ಬಗೆಯ ಉಕ್ಕಿನ ಆಮದಿನ ಮೇಲೆ ಶೇಕಡ 12ರ ತಾತ್ಕಾಲಿಕ ರಕ್ಷಣಾ ಸುಂಕ ಹಾಕಿದ್ದು ಈ ಭಯದಿಂದಲೇ. ನಮ್ಮಲ್ಲಿ ತಲಾ ಬಳಕೆ ಇನ್ನೂ 100 ಕಿಲೋ ಆಸುಪಾಸಿನಲ್ಲಿದೆ. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗೂ ಹೆಚ್ಚು. ಬೇಡಿಕೆ ಬೆಳೆಯುವುದರಲ್ಲಿ ಸಂಶಯವಿಲ್ಲ. ಅದನ್ನು ಪೂರೈಸುವ ಬೆಂಕಿಯ ಬಾಡಿಗೆ ಯಾರು ತೆರಬೇಕೆಂಬುದೇ ಪ್ರಶ್ನೆ.

ಹಿಂದೆ ಅದನ್ನು ಮಲೆನಾಡಿನ ಕಾಡು ತೆತ್ತಿತು. ಈಗ ಆಮದಾದ ಕಲ್ಲಿದ್ದಲು ಮೊರ್ಮುಗಾವೊ ಬಂದರಿನಲ್ಲಿ ಇಳಿದು ಘಟ್ಟ ಹತ್ತುವಾಗ ಧೂಳು ಕುಡಿಯುವವರು ಗೋವೆಯ ಜನ. ಆ ರೈಲು ಮಾರ್ಗದ ವಿಸ್ತರಣೆಗೆ ಮೊಲ್ಲೆಂ ಕಾಡು ಬಲಿಯಾಗಬಾರದೆಂದು ಅವರು 2020ರಲ್ಲಿ ಬೀದಿಗಿಳಿದರು. ಇದರ ಮೇಲೆ ಆಕಾಶದ ಲೆಕ್ಕ ಬೇರೆ. ಊದುಕುಲುಮೆಯ ಒಂದು ಟನ್ ಉಕ್ಕಿಗೆ ಎರಡು ಟನ್ನಿಗೂ ಹೆಚ್ಚು ಇಂಗಾಲಾಮ್ಲ ಗಾಳಿಗೆ ಸೇರುತ್ತದೆ. ಅದರ ಲೆಕ್ಕ ಕೇಳಿ ಗಡಿಯಲ್ಲೇ ತೆರಿಗೆ ವಿಧಿಸುವ ವ್ಯವಸ್ಥೆಯನ್ನು ಯೂರೋಪಿನ ಒಕ್ಕೂಟ ರೂಪಿಸಿದೆ. ಇಂಗಾಲದ ಬದಲು ಜಲಜನಕದಿಂದ ಆಮ್ಲಜನಕವನ್ನು ಬಿಡಿಸುವ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ. ಬ್ರೆಜಿಲ್ ದೇಶದಲ್ಲಂತೂ ನೀಲಗಿರಿ ತೋಪುಗಳನ್ನು ಬೆಳೆಸಿ, ಅದರ ಇದ್ದಿಲಿನಿಂದಲೇ ಬೀಡು ಕಬ್ಬಿಣ ಮಾಡುವ ಪದ್ಧತಿ ಇಂದಿಗೂ ಜೀವಂತವಾಗಿದೆ. ಭದ್ರಾವತಿ ಬಿಟ್ಟ ದಾರಿ ಅಲ್ಲಿ ಇನ್ನೂ ಸವೆಯುತ್ತಿದೆ. ಮಲೆನಾಡಿಗೆ ಅದು ಮತ್ತೆ ಬರಲೆಂದು ಯಾರೂ ಬಯಸಲಾರರು. ಆದರೆ ಸಣ್ಣದೆಂದು, ಹಳತೆಂದು ತಳ್ಳಿಹಾಕಿದ್ದೆಲ್ಲ ಮೂರ್ಖತನವಾಗಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಭದ್ರಾವತಿಯ ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರಲು ಕೇಂದ್ರ ಸರ್ಕಾರ ಯತ್ನಿಸಿತು; ಕೊಳ್ಳುವವರ ಆಸಕ್ತಿ ಸಾಲದೆ 2022ರಲ್ಲಿ ಆ ಯತ್ನ ಕೈಬಿಟ್ಟಿತು. ಮುಚ್ಚುವ ತೀರ್ಮಾನಕ್ಕೆ ಎದುರಾದ ಪ್ರತಿಭಟನೆಯ ಬಳಿಕ 2023ರ ಆಗಸ್ಟ್‌ನಲ್ಲಿ ಅಲ್ಲಿನ ಬಾರ್ ಮಿಲ್ ಮತ್ತೆ ತಿರುಗಿತು. ಬೇರೆಡೆ ತಯಾರಾದ ಉಕ್ಕಿನ ದಿಮ್ಮಿಗಳನ್ನು ತಂದು, ಕಾಯಿಸಿ, ಎಳೆಯುವ ಕೆಲಸ ಅದು. ಕೈಗಳಿಗೆ ಕೆಲಸ ಸಿಕ್ಕಿದ್ದು ನಿಜ. ಆದರೆ ಕಲ್ಲಿನಿಂದ ಕಬ್ಬಿಣವನ್ನು ಬಿಡಿಸುವ ಬೆಂಕಿ ಅದಲ್ಲ. ಬೆಂಕಿಪುರಕ್ಕೆ ಬೇಕಾಗಿದ್ದ ಆ ಬೆಂಕಿ ನೂರು ವರ್ಷಗಳಲ್ಲಿ ಕಾಡಿನಿಂದ ಬಂತು, ಹೊಳೆಯಿಂದ ಬಂತು, ಕಡಲಾಚೆಯಿಂದಲೂ ಬಂತು. ತನ್ನದೆಂದು ಮಾತ್ರ ಎಂದೂ ಆಗಲಿಲ್ಲ.